ಸೆಟ್ಟು, ಬ್ರಿಡ್ಜು, ಸ್ಕ್ರೂ: ಮೂರನ್ನೂ ಬಾಯಲ್ಲಿಟ್ಟು ನೋಡಿದವನ ಲೆಕ್ಕ

ಬಲಗಡೆ ಕೆಳಗಿನ ದವಡೆ ಹಲ್ಲು ಕೀಳಿಸಿದಾಗ ನನಗೆ 46 ವರ್ಷ. "ಮೂರು ತಿಂಗಳು ಬಿಟ್ಟು ಬನ್ನಿ, ಆ ಜಾಗಕ್ಕೆ ಏನಾದರೂ ಕಟ್ಟೋಣ" ಅಂದಿದ್ದರು ಡಾಕ್ಟರು. ನಾನು ಹೋದದ್ದು ಐದು ವರ್ಷ ಬಿಟ್ಟು. ನಕ್ಕರೂ ಕಾಣದ ಹಲ್ಲಿಗೆ ಯಾರು ದುಡ್ಡು ಸುರಿಯುತ್ತಾರೆ ಅನ್ನುವ ಧೈರ್ಯ.

ಅಷ್ಟರಲ್ಲಿ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿತ್ತು. ಕಚ್ಚಲು ಜೋಡಿಯಿಲ್ಲದ ಮೇಲಿನ ಹಲ್ಲು ಕೆಳಕ್ಕೆ ಜಾರಿತ್ತು. ಸಂದಿಯಲ್ಲಿ ಸೊಪ್ಪಿನ ನಾರು ಸಿಕ್ಕಿ ಪದೇ ಪದೇ ವಸಡು ಊದುತ್ತಿತ್ತು. ಅಗಿಯುವುದೆಲ್ಲ ಎಡಗಡೆಯೇ. ಮುದ್ದೆಗೇನೂ ತೊಂದರೆಯಾಗಲಿಲ್ಲ, ಅದನ್ನು ನುಂಗುವುದೇ ತಾನೆ! ಆದರೆ ಕಡಲೆಕಾಯಿ, ಸೀಬೆಹಣ್ಣು, ಸೌತೆಕಾಯಿ ಕೋಸಂಬರಿ ಒಂದೊಂದಾಗಿ ದೂರವಾದವು. ಅವುಗಳ ಜಾಗಕ್ಕೆ ಬನ್ನು, ಇಡ್ಲಿ, ಮೆತ್ತನೆಯ ಅನ್ನ ಬಂದವು. ಸಕ್ಕರೆ ಕಾಯಿಲೆಯ ನನಗೆ ಇದು ಬೇಕಿತ್ತೇ?

ಮೊದಲು ಮಾಡಿಸಿದ್ದು ತೆಗೆದು ಹಾಕುವ ಹಲ್ಲಿನ ಸೆಟ್ಟು. ಗುಲಾಬಿ ಬಣ್ಣದ ಅಕ್ರಿಲಿಕ್ ತಳ, ಪಕ್ಕದ ಹಲ್ಲಿಗೆ ತಂತಿಯ ಕೊಕ್ಕೆ. 2,500 ರೂಪಾಯಿ, ಒಂದೇ ವಾರದಲ್ಲಿ ಕೈಗೆ ಬಂತು. ಕೊಯ್ಯುವುದಿಲ್ಲ, ಕೊರೆಯುವುದಿಲ್ಲ, ಅದೊಂದು ಸುಖ. ಆದರೆ ಒಂದು ಹಲ್ಲಿಗಾಗಿ ನಾಲಿಗೆಯ ಬುಡದಲ್ಲಿ ಈ ಕಡೆಯಿಂದ ಆ ಕಡೆಗೆ ಪಟ್ಟಿ! ಸಂಕ್ರಾಂತಿಯ ದಿನ ಎಳ್ಳು ಬಾಯಿಗೆ ಹಾಕಿಕೊಂಡೆ. ಒಂದೇ ಒಂದು ಎಳ್ಳು ತಳದಡಿ ಸೇರಿ ಮುಳ್ಳಿನ ಹಾಗೆ ಚುಚ್ಚಿತು. ಅಗಿಯುವ ಭಾರವೆಲ್ಲ ವಸಡಿನ ಮೇಲೆ ಬೀಳುತ್ತದೆ, ಅಡಿಯ ಮೂಳೆ ಸವೆಯುವುದಂತೂ ನಿಲ್ಲುವುದಿಲ್ಲ. ಅದಕ್ಕೇ ವರ್ಷಗಳು ಕಳೆದಂತೆ ಸೆಟ್ಟು ಸಡಿಲವಾಗುವುದು. ರಾತ್ರಿ ತೆಗೆದು ತಣ್ಣೀರಲ್ಲಿ ಇಡಬೇಕು. ಬಿಸಿನೀರಲ್ಲಿಟ್ಟರೆ ಆಕಾರ ಕೆಡುತ್ತದೆ. ನನ್ನದಕ್ಕೆ ಆ ಯೋಗವೂ ಬರಲಿಲ್ಲ. ಮದುವೆ ಊಟದಲ್ಲಿ ಟಿಶ್ಯೂ ಸುತ್ತಿ ಎಲೆಯ ಪಕ್ಕ ಇಟ್ಟಿದ್ದೆ, ಎಲೆ ಎತ್ತುವವರ ಜೊತೆ ಅದೂ ಹೋಯಿತು. ಎಂಟು ತಿಂಗಳ ಸಂಸಾರ. ಹುಡುಕಲೂ ಇಲ್ಲ.

ಅಮ್ಮನದು ಬೇರೆಯೇ ಕತೆ. ಒಂದೂ ಹಲ್ಲಿಲ್ಲದ ಅವರಿಗೆ ಪೂರ್ತಿ ಸೆಟ್ಟೇ ಸರಿಹೋಯಿತು, ಮಾತೂ ಸ್ಪಷ್ಟವಾಯಿತು. ಊಟಕ್ಕೆ ಮಾತ್ರ ತೆಗೆದಿಟ್ಟು ಬರುತ್ತಾರೆ!

ಆಮೇಲೆ ಎಡಗಡೆ ಮೇಲಿನ ಹಲ್ಲೊಂದು ಮುರಿಯಿತು. ಅಲ್ಲಿಗೆ ಬ್ರಿಡ್ಜ್. ಎರಡೂ ಬದಿಯ ಹಲ್ಲುಗಳನ್ನು ಸುತ್ತಲೂ ಒಂದೂವರೆ ಎರಡು ಮಿಲಿಮೀಟರ್ ತೇಯ್ದು, ಮೂರಕ್ಕೂ ಸೇರಿಸಿ ಒಂದೇ ಕ್ಯಾಪ್ ಕೂರಿಸಿದರು. ಹತ್ತು ದಿನ, 14,000 ರೂಪಾಯಿ. ಮಾರನೆಯ ದಿನವೇ ಚಕ್ಕುಲಿ ಕಡಿದೆ. ಆ ಪಕ್ಕದ ಹಲ್ಲುಗಳಲ್ಲಿ ಒಂದಕ್ಕೆ ರೂಟ್ ಕೆನಾಲ್ ಆಗಿತ್ತು, ಇನ್ನೊಂದರಲ್ಲಿ ದೊಡ್ಡ ಸಿಮೆಂಟ್ ಇತ್ತು. ಇಂದಲ್ಲ ನಾಳೆ ಕ್ಯಾಪ್ ಬೇಕಾದವೇ, ಹಾಗಾಗಿ ತೇಯ್ದದ್ದಕ್ಕೆ ಬೇಸರವಿಲ್ಲ. ಆದರೆ ಬ್ರಿಡ್ಜಿಗೂ ವಸಡಿಗೂ ನಡುವಿನ ಸಂದಿ ಸ್ವಚ್ಛ ಮಾಡುವುದೇ ದಿನಾ ರಾತ್ರಿಯ ಕೆಲಸ. ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರ ಕಚ್ಚುವ ಕಡೆಯಿಂದ ತೂರುವುದಿಲ್ಲ, ಪಕ್ಕದಿಂದ ಸೂಜಿಗೆ ಪೋಣಿಸಿದ ಹಾಗೆ ತೂರಿಸಬೇಕು. ಸೋಮಾರಿತನ ಮಾಡಿ ಒಂದು ಕಂಬಕ್ಕೆ ಹುಳುಕು ಹತ್ತಿದರೆ ಸೇತುವೆಯೇ ಹೋದಂತೆ.

ಬಲಗಡೆಗೂ ಬ್ರಿಡ್ಜ್ ಹಾಕಬಹುದು ಅಂದರು. ಅಲ್ಲಿ ಮುಂದಿನದು ಒಂದು ಚುಕ್ಕೆ ಹುಳುಕಿಲ್ಲದ ಹಲ್ಲು. ಗಟ್ಟಿಮುಟ್ಟಾದದ್ದನ್ನು ತೇಯಿಸಲು ಮನಸ್ಸು ಒಪ್ಪಲಿಲ್ಲ. ಇಂಪ್ಲಾಂಟ್ ಅಂದೆ, ಅಂದರೆ ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು.

ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತದೆ ಎನ್ನುವುದು 1950ರ ದಶಕದಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವೈದ್ಯರಿಗೆ ಮೊಲಗಳ ಮೂಳೆಯಲ್ಲಿ ಕಂಡದ್ದು. 1965ರಲ್ಲಿ ಮೊದಲ ರೋಗಿಯ ದವಡೆಗೆ ಹಾಕಿದರು. ನನ್ನ ದವಡೆಯ ಸ್ಕ್ಯಾನ್ ನೋಡಿದರೆ ಸ್ಕ್ರೂ ಹಿಡಿಯುವಷ್ಟು ಅಗಲವೇ ಇಲ್ಲ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದಂತೆ. ಅಲ್ಲಿಗೆ ಮೂಳೆಪುಡಿ ತುಂಬಿ ನಾಲ್ಕು ತಿಂಗಳು ಕಾದೆ. ಕೆಳಕ್ಕೆ ಜಾರಿದ್ದ ಮೇಲಿನ ಹಲ್ಲನ್ನು ಗಿಡ್ಡ ಮಾಡಲು ಅದಕ್ಕೂ ರೂಟ್ ಕೆನಾಲ್, ಕ್ಯಾಪ್. ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಸ್ಕ್ರೂ. ಅದು ಬೆಸೆಯಲು ಇನ್ನೂ ಮೂರು ತಿಂಗಳು. ಒಟ್ಟು 55,000 ರೂಪಾಯಿ. ಅದರಲ್ಲಿ 20,000 ಬರೀ ನಾನು ತಡ ಮಾಡಿದ್ದಕ್ಕೆ. ನೋವು ಮಾತ್ರ ಹಲ್ಲು ಕೀಳಿಸಿದಷ್ಟೂ ಆಗಲಿಲ್ಲ, ಎರಡು ದಿನ ಗಂಜಿ ಕುಡಿದೆ ಅಷ್ಟೆ.

ಈಗ ಎರಡು ವರ್ಷ. ಕೊಬ್ಬರಿ, ಕಬ್ಬು ಎಲ್ಲ ಬಲಗಡೆಯೇ. ಇದಕ್ಕೆ ಹುಳುಕು ಹತ್ತುವುದಿಲ್ಲ, ಆದರೆ ಸುತ್ತಲಿನ ವಸಡು ಕೆಟ್ಟರೆ ಮೂಳೆ ಕರಗಿ ಸ್ಕ್ರೂ ಅಲ್ಲಾಡುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತೇನೆ. ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳಿರಲಿಲ್ಲ. ಹುಟ್ಟು ಹಲ್ಲಿನ ಬೇರಿನ ಸುತ್ತ ಒಂದು ತೆಳು ನಾರಿನ ಪದರ ಇರುತ್ತದೆ, ಕಚ್ಚಿದ್ದು ಏನು ಅಂತ ತಿಳಿಸುವುದು ಅದು. ಸ್ಕ್ರೂಗೆ ಆ ಪದರವಿಲ್ಲ. ಮೊನ್ನೆ ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿತು. ನನಗೆ ಗೊತ್ತಾದದ್ದು ಸದ್ದಿನಿಂದ. ನನಗಿಂತ ಮೊದಲು ಎದುರು ಕೂತಿದ್ದ ಹೆಂಡತಿ ತಲೆ ಎತ್ತಿದ್ದಳು.