ಬಿಸಿಲಿನಿಂದ ಜಲಜನಕ: ಕಾಲೇಜು ಪ್ರಯೋಗಾಲಯದ ಕಿಟ್ ಹೇಗಿದೆ?

ರಾಯಚೂರಿನ ನಮ್ಮ ಪದವಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ, ಬೆಳಕಿನ ನೆರವಿನಿಂದ ನೀರಿನಲ್ಲಿರುವ ಜಲಜನಕವನ್ನು ಬಿಡಿಸಿ ತೋರಿಸುವ ಕಿಟ್ ಒಂದನ್ನು ತರಿಸಿ, ಈ ಸೆಮಿಸ್ಟರ್ ಪೂರ್ತಿ ಬಳಸಿದ್ದೇವೆ.

ಮೊದಲು ಹೊಗಳಬೇಕಾದದ್ದು ಅದರಲ್ಲಿರುವ ಎರಡು ಪುಡಿಗಳನ್ನು. ಒಂದು ಅಚ್ಚ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಇನ್ನೊಂದು ಅದೇ ಪುಡಿ, ಆದರೆ ಮೇಲೆ ತುಸು ಪ್ಲಾಟಿನಂ ಕೂರಿಸಿರುವುದರಿಂದ ಬೂದುಬಣ್ಣಕ್ಕೆ ತಿರುಗಿದೆ. ಬಿಳಿ ಪುಡಿ ಹಾಕಿದರೆ ನಳಿಕೆಯಲ್ಲಿ ಅನಿಲ ಸೇರುವುದೇ ಅಪರೂಪ. ಬೂದು ಪುಡಿ ಹಾಕಿದರೆ ನೀರಿನ ಮಟ್ಟ ನಿಧಾನವಾಗಿಯಾದರೂ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಬೆಳಕಿನಿಂದ ಹುಟ್ಟಿದ ಇಲೆಕ್ಟ್ರಾನು ಮತ್ತು ರಂಧ್ರಗಳು (ಇಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಗಳು) ಪುನಃ ಕೂಡಿ ವ್ಯರ್ಥವಾಗುವ ಮುನ್ನವೇ ಪ್ಲಾಟಿನಂ ಇಲೆಕ್ಟ್ರಾನನ್ನು ತನ್ನತ್ತ ಸೆಳೆದುಕೊಳ್ಳುತ್ತದೆ ಎಂಬ ಪಾಠ ವಿದ್ಯಾರ್ಥಿಗಳಿಗೆ ಇಷ್ಟು ಸ್ಪಷ್ಟವಾಗಿ ಮನದಟ್ಟಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡ ದೋಷವಿರುವುದು ಪಾತ್ರೆಯ ಮುಚ್ಚಳದಲ್ಲಿ. ಅನಾಟೇಸ್ ಎಂಬ ಹರಳು ರೂಪದ ಟೈಟಾನಿಯಂ ಡೈಆಕ್ಸೈಡ್ ಸುಮಾರು 387 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ, ಅಂದರೆ ನೇರಳಾತೀತ ಬೆಳಕನ್ನಷ್ಟೇ ಹೀರುತ್ತದೆ. ಬಿಸಿಲಿನ ಶಕ್ತಿಯಲ್ಲಿ ನೇರಳಾತೀತ ಕಿರಣಗಳ ಪಾಲೇ ಶೇಕಡಾ 5ರ ಆಸುಪಾಸು. ಕಿಟ್‌ನ ಪಾಲಿಕಾರ್ಬೊನೇಟ್ ಮುಚ್ಚಳ ತಡೆಯುವುದು ಸರಿಯಾಗಿ ಆ ಪಾಲನ್ನೇ. ಹೀಗಾಗಿ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇಟ್ಟರೂ ಫಲ ಸಿಗಲಿಲ್ಲ. ಬೋರೋಸಿಲಿಕೇಟ್ ಗಾಜಿನ ತಟ್ಟೆ ಮುಚ್ಚಿದ ಮೇಲೆ ಅನಿಲ ಬರತೊಡಗಿತು. ಇಷ್ಟು ಬೆಲೆಯ ಸಾಮಗ್ರಿಯಲ್ಲಿ ಇದು ಒಪ್ಪತಕ್ಕದ್ದಲ್ಲ.

ಡಬ್ಬಿಯ ಮೇಲೆ 'ನೀರಿನ ಸಂಪೂರ್ಣ ವಿಭಜನೆ' ಎಂದು ಬರೆದಿರುವುದೂ ಸರಿಯಲ್ಲ. ಕೈಪಿಡಿಯಂತೆ ಮೆಥನಾಲ್ ಬೆರೆಸಿದಾಗ ರಂಧ್ರಗಳನ್ನು ಅದೇ ಬಳಸಿಕೊಳ್ಳುವುದರಿಂದ ಆಮ್ಲಜನಕ ಹೊರಬರುವುದಿಲ್ಲ. ನಿಜವಾದ ಸಂಪೂರ್ಣ ವಿಭಜನೆಯಲ್ಲಿ ಜಪಾನಿನ ಕಝುನಾರಿ ಡೋಮೆನ್ ಅವರ ತಂಡ ಬಹಳ ಮುಂದೆ ಹೋಗಿದೆ: ಅಲ್ಯೂಮಿನಿಯಂ ಬೆರೆಸಿದ ಸ್ಟ್ರಾಂಷಿಯಂ ಟೈಟನೇಟ್ ಬಳಸಿ 2020ರಲ್ಲಿ ನೇರಳಾತೀತ ಬೆಳಕಿನಲ್ಲಿ ಸುಮಾರು ಶೇಕಡಾ 96ರ ಕ್ವಾಂಟಂ ದಕ್ಷತೆ (ಬಿದ್ದ ಬೆಳಕಿನ ಕಣಗಳಲ್ಲಿ ಕೆಲಸಕ್ಕೆ ಬಂದವುಗಳ ಪಾಲು) ಸಾಧಿಸಿತು. ಆದರೂ 2021ರಲ್ಲಿ ವರದಿಯಾದ 100 ಚದರ ಮೀಟರ್ ಫಲಕದ ಸೌರ ದಕ್ಷತೆ, ಅಂದರೆ ಬಿಸಿಲಿನ ಶಕ್ತಿಯಲ್ಲಿ ಜಲಜನಕವಾಗಿ ಉಳಿದ ಪಾಲು, ಗರಿಷ್ಠ ಶೇಕಡಾ 0.76. ಕಣ್ಣಿಗೆ ಕಾಣುವ ಬೆಳಕನ್ನೂ ದುಡಿಸಿಕೊಳ್ಳುವ ವೇಗವರ್ಧಕ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯಿಲ್ಲ. ಕೈಪಿಡಿಯಲ್ಲಿ ಅಂಥ ವೇಗವರ್ಧಕದ ಸುದ್ದಿಯೇ ಇಲ್ಲ.

ತಯಾರಕರು ಮೂರನೆಯ ಪೊಟ್ಟಣವಾಗಿ ಹಳದಿ ಬಣ್ಣದ ಕಾರ್ಬನ್ ನೈಟ್ರೈಡ್ ಸೇರಿಸಲಿ. ಅದು ಸುಮಾರು 460 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಹೀರುತ್ತದೆ, ಮೆಲಮೈನ್ ಅನ್ನು 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ತಯಾರಿಸಬಹುದು.

ಕೊಳ್ಳುವವರು ಗಾಜಿನ ಮುಚ್ಚಳವನ್ನು ಕೇಳಿ ಪಡೆಯಿರಿ. ಬೋರ್‌ವೆಲ್ ನೀರಿನ ಲವಣಗಳಿಂದ ಪುಡಿ ಗಂಟುಕಟ್ಟಿ ತಳಕ್ಕಿಳಿಯುವುದರಿಂದ ಭಟ್ಟಿ ಇಳಿಸಿದ ನೀರನ್ನೇ ಬಳಸಿ, ಮೆಥನಾಲ್ ವಿಷಕಾರಿಯಾದ್ದರಿಂದ ಕಿಟಕಿಗಳನ್ನು ತೆರೆದಿಡಿ.