10 ಮಿ.ಮೀ. ಆರ್ 0.5 ಕಟರ್: ಎರಡು ವರ್ಷ ಓಡಿಸಿದ ಮೇಲೆ

ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಇರುವುದು ಒಂದೇ ವಿಎಂಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮೆಷಿನ್. ಹೆಚ್ಚಿನ ಕೆಲಸ ಪಿ20 ಎಂಬ ಸ್ಟೀಲಿನಲ್ಲಿ ಮೋಲ್ಡ್ ಪಾಕೆಟ್, ಅಂದರೆ ಅಚ್ಚಿನ ಗುಳಿ, ಹೊಡೆಯುವುದು. ಮೊದಲೆಲ್ಲ ಚೂಪು ಮೂಲೆಯ 10 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್‌ಗಳನ್ನೇ (ತುದಿಯಲ್ಲೂ ಪಕ್ಕದಲ್ಲೂ ಕೊರೆಯುವ ಕಟರ್) ಹಾಕುತ್ತಿದ್ದೆ. ಅವುಗಳನ್ನು ಬಿಚ್ಚಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಪಕ್ಕದ ಅಲಗು ಹೊಸದರ ಹಾಗೇ ಇರುತ್ತಿತ್ತು, ತುದಿಯ ಮೂಲೆ ಮಾತ್ರ ಮುಕ್ಕಾಗಿರುತ್ತಿತ್ತು. ಕೂದಲೆಳೆಯಷ್ಟು ಜಾಗ ಹೋಯಿತೆಂದು ಇಡೀ ಕಟರ್ ಪಕ್ಕಕ್ಕಿಡಬೇಕು.

ಎರಡು ವರ್ಷದ ಹಿಂದೆ ಅದೇ ಅಳತೆಯ, ನಾಲ್ಕು ಹಲ್ಲಿನ, ಮೂಲೆಗೆ 0.5 ಮಿ.ಮೀ. ರೇಡಿಯಸ್, ಅಂದರೆ ದುಂಡು, ಇರುವ ಕಟರ್ ತಂದೆ (ಆರ್ ಅಂದರೆ ಅದೇ). ಒಂದಕ್ಕೆ 1,450 ರೂಪಾಯಿ ಬಿತ್ತು. ಚೂಪು ಮೂಲೆಯದಕ್ಕಿಂತ ಸ್ವಲ್ಪ ಜಾಸ್ತಿ. ನಿಮಿಷಕ್ಕೆ 3,200 ಸುತ್ತು (ಆರ್‌ಪಿಎಂ), ನಿಮಿಷಕ್ಕೆ 640 ಮಿ.ಮೀ. ಫೀಡ್ (ಕಟರ್ ಮುಂದೆ ಸಾಗುವ ವೇಗ), ಎರಡೂ ಹಳೆಯವೇ. ಬದಲಾಗಿದ್ದು ಸದ್ದು. ಪಾಕೆಟ್ಟಿನ ಮೂಲೆಗೆ ಹೋದಾಗ ಬರುತ್ತಿದ್ದ ಆ ಕಿರುಗುಟ್ಟುವಿಕೆ ಎಷ್ಟೋ ಇಳಿಯಿತು. ಭಾರವೆಲ್ಲ ಒಂದೇ ಚೂಪು ತುದಿಯ ಮೇಲೆ ಬೀಳದೆ ಆ ದುಂಡಗಿನ ಉದ್ದಕ್ಕೂ ಹಂಚಿಹೋಗುತ್ತದಲ್ವಾ, ಅದಕ್ಕೇ. ಹಿಂದೆ ಎರಡು ಮೋಲ್ಡ್ ಮುಗಿಸುವಷ್ಟರಲ್ಲಿ ಮುಕ್ಕಾಗುತ್ತಿದ್ದ ಜಾಗದಲ್ಲಿ ಇದು ಐದು ಮೋಲ್ಡ್ ಮುಗಿಸಿಕೊಟ್ಟಿತು.

ಬೆಳಿಗ್ಗೆ ಮೆಷಿನ್ ಆನ್ ಮಾಡುವ ಮುಂಚೆ ಕಟರ್ ನೋಡುವುದು ಈಗ ನನ್ನ ದಿನದ ಕೆಲಸ. ಬನಿಯನ್ ಬಟ್ಟೆಯಲ್ಲಿ ಕೂಲೆಂಟ್ ಒರೆಸುತ್ತೇನೆ. ಕಿಟಕಿ ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನಾಲ್ಕೂ ಹಲ್ಲು ತಿರುಗಿಸಿ ನೋಡುತ್ತೇನೆ. ಕಪ್ಪು ನೇರಳೆ ಕೋಟಿಂಗ್ ಸವೆದ ಕಡೆ ಬೆಳ್ಳಿಯಂಥ ಸಣ್ಣ ಗೆರೆ ಹೊಳೆಯುತ್ತದೆ. ಆ ಗೆರೆ ನಾಲ್ಕರಲ್ಲೂ ಒಂದೇ ಅಗಲ ಇದ್ದರೆ ಮನಸ್ಸಿಗೆ ನೆಮ್ಮದಿ. ಒಂದರಲ್ಲಿ ದಪ್ಪಗಿದ್ದರೆ ಕಟರ್ ಹಿಡಿಯುವ ಕಾಲೆಟ್ ಬಿಚ್ಚಿ, ಒರೆಸಿ, ಮತ್ತೆ ಅಳೆಯುವ ಡಯಲ್ ಇಟ್ಟು ನೋಡುತ್ತೇನೆ. ಓಟ, ಅಂದರೆ ಕಟರ್ ತಿರುಗುವಾಗಿನ ಓಲಾಟ, 0.01 ಮಿ.ಮೀ. ಒಳಗೆ ಬರುವವರೆಗೂ ಸೈಕಲ್ ಸ್ಟಾರ್ಟ್ ಒತ್ತುವುದಿಲ್ಲ.

ಬೇಜಾರು ಶುರುವಾಗಿದ್ದು ಸಾಣೆಗೆ ಕೊಟ್ಟ ಮೇಲೆ. ಸವೆದ ಐದು ಕಟರ್‌ಗಳನ್ನು ಒಂದು ಕಡೆ ಕೊಟ್ಟೆ. ನೋಡಲು ಥಳಥಳ ಅನ್ನುವ ಹಾಗೆ ವಾಪಸ್ ಬಂದವು. ಒಂದನ್ನು ನೇರವಾಗಿ ಫಿನಿಷಿಂಗಿಗೆ (ಕೊನೆಯ ನಯದ ಕೆಲಸಕ್ಕೆ) ಹಾಕಿದೆ, ತಪ್ಪಾಯಿತು. ಪಾಕೆಟ್ ಗೋಡೆಯ ಮೇಲೆ, ತಳದಿಂದ ಅರ್ಧ ಮಿ.ಮೀ. ಎತ್ತರದಲ್ಲಿ ಸುತ್ತಲೂ ಒಂದು ಗೆರೆ. ಬೆರಳಿಗೆ ತಿಳಿಯದು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ರೇಡಿಯಸ್ ಪಕ್ಕದ ಅಲಗಿಗೆ ನಯವಾಗಿ ಸೇರಿರಲಿಲ್ಲ, ಸೇರುವ ಜಾಗದಲ್ಲಿ ಚೂರು ಒಳಗೆ ಕೊರೆದಿತ್ತು. ಲೆನ್ಸ್ ಹಿಡಿದರೆ ಎರಡು ಹಲ್ಲಿನ ರೇಡಿಯಸ್ ದೊಡ್ಡದು, ಎರಡರದು ಚಿಕ್ಕದು. ಅಂದರೆ ಮೂಲೆಯಲ್ಲಿ ಭಾರವೆಲ್ಲ ಎರಡೇ ಹಲ್ಲಿನ ಮೇಲೆ. ಆ ಗೆರೆ ತೆಗೆಯಲು ಎಣ್ಣೆ ಕಲ್ಲು ಹಿಡಿದು ಇಡೀ ದಿನ ಉಜ್ಜಿದೆ. ಬೆರಳಿನ ತುದಿ ಸುಲಿದುಹೋಯಿತು, ಮೋಲ್ಡ್ ಒಂದು ದಿನ ತಡವಾಗಿ ಹೋಯಿತು. ಇನ್ನು ಮೇಲೆ ರೇಡಿಯಸ್ ಕಟರನ್ನು ಸಾಣೆಗೆ ಕೊಡುವುದೇ ಇಲ್ಲ ಅಂದುಕೊಂಡೆ.

ಆಮೇಲೆ ಸಾಣೆ ಹಿಡಿಯುವ ಒಬ್ಬ ಹಿರಿಯರು ಸಿಕ್ಕರು. ಮೂವತ್ತು ವರ್ಷದಿಂದ ಇದೇ ಕೆಲಸ ಅವರದು. "ನೋಡಿ ಸಾರ್, ಚೂಪು ಮೂಲೆದಾದ್ರೆ ತುದಿ ಸವೆಸಿದ್ರೆ ಸಾಕು, ಮೂಲೆ ತಾನಾಗೇ ವಾಪಸ್ ಬರುತ್ತೆ. ಇದ್ರಲ್ಲಿ ತುದಿ ಸವೆಸಿದಷ್ಟೂ ರೇಡಿಯಸ್ಸೇ ಹೋಗುತ್ತೆ. ನಾಲ್ಕು ಹಲ್ಲಿಗೂ ಅದನ್ನ ಸಾಣೆಯಲ್ಲಿ ಹೊಸದಾಗಿ ಮಾಡ್ಬೇಕು" ಅಂದರು.

"ಹಾಗಾದ್ರೆ ಏನು ಮಾಡ್ಲಿ ಅಣ್ಣ?" ಅಂದೆ.

"0.5 ಬಿಡಿ, 1 ಮಾಡಿಸಿ. ಮುಕ್ಕಾಗಿರೋದೆಲ್ಲ ಆ ದುಂಡಲ್ಲೇ ಹೋಗುತ್ತೆ. ಉದ್ದ ಜಾಸ್ತಿ ಕಳೆಯೋದು ಬೇಡ."

ಹಾಗೇ ಮಾಡಿಸಿದೆ. ಡೈಮಂಡ್ ವೀಲಿನಲ್ಲಿ ಒಂದಕ್ಕೆ 300 ರೂಪಾಯಿ. ಕೋಟಿಂಗ್ ಇಲ್ಲ, ಆದರೆ ನಾಲ್ಕೂ ಹಲ್ಲು ಸಮ. ಹೊಸದರಷ್ಟು ದಿನ ಬರುವುದಿಲ್ಲ, ಸ್ಪೀಡ್ ಚೂರು ಇಳಿಸಬೇಕು. ರಫಿಂಗಿಗೆ, ಅಂದರೆ ಮೊದಲ ಒರಟು ಕೊರೆತಕ್ಕೆ, ನನಗೆ ಇದು ಧಾರಾಳ ಸಾಕು. ಪ್ರೋಗ್ರಾಂನಲ್ಲಿ ರೇಡಿಯಸ್ 1 ಅಂತ ಬದಲಾಯಿಸಲು ಮಾತ್ರ ಮರೆಯಬೇಡಿ. ಮರೆತರೆ ಕೆಳಗಿನ ಮೂಲೆಯಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಲೋಹ ಉಳಿಯುತ್ತದೆ. ಆಮೇಲೆ ಬರುವ ಫಿನಿಷಿಂಗ್ ಕಟರ್‌ಗೆ ಅದೇ ಹೊಡೆತ.

ಡ್ರಾಯಿಂಗಿನಲ್ಲಿ ತಳದ ಮೂಲೆ ಚೂಪಾಗಿಯೇ ಬೇಕು ಅಂತಿದ್ದರೆ ಕೊನೆಯ ಪಾಸಿಗೆ ಹಳೆಯ ಚೂಪು ಮೂಲೆಯ ಕಟರ್ರೇ ಗತಿ.

ನನ್ನ ಬಜೆಟ್ಟಿಗೆ ಹೊಂದಿದ ಲೆಕ್ಕ ಇದು: ಫಿನಿಷಿಂಗಿಗೆ ಹೊಸದು, ರಫಿಂಗಿಗೆ ಸಾಣೆ ಹಿಡಿಸಿದ್ದು. ಎರಡೂ ಕಲೆಯಬಾರದೆಂದು ಸಾಣೆಯದರ ಶ್ಯಾಂಕಿಗೆ (ಕಾಲೆಟ್ಟಿನಲ್ಲಿ ಕೂರುವ ಹಿಡಿಗೆ) ಮಗಳ ನೈಲ್ ಪಾಲಿಶ್‌ನಲ್ಲಿ ಕೆಂಪು ಚುಕ್ಕೆ ಇಡುತ್ತೇನೆ. ಈಗ ಡಬ್ಬಿಯಲ್ಲಿ ಚುಕ್ಕೆ ಇರುವುದು ನಾಲ್ಕು, ಇಲ್ಲದ್ದು ಎರಡು.