ಒಲೆ ಉರಿಯದ ಮನೆಗೆ ಮಳೆಗಾಲದಲ್ಲಿ ಹೋಗಬೇಡಿ

ಶಿರಸಿ ಕಡೆ ಮಳೆಗಾಲದಲ್ಲಿ ಹೋಂಸ್ಟೇ ಹುಡುಕುತ್ತಿರುವವರು ಮುಂಗಡ ಹಾಕುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ನಾವು 3,000 ರೂಪಾಯಿ ಹಾಕಿದ ಮೇಲೆ ಕಲಿತೆವು.

ಹುಬ್ಬಳ್ಳಿಯಿಂದ ಹೋಗಿದ್ದು ನಾನು, ಹೆಂಡತಿ, ಎಂಟು ವರ್ಷದ ಮಗ ಮತ್ತು ಆಯಿ. ಆಯಿಯ ತವರು ಸಿದ್ದಾಪುರದ ಕಡೆ. ಉಂಚಳ್ಳಿ ಜಲಪಾತ ತುಂಬಿ ಬೀಳುವಾಗ ಇನ್ನೊಮ್ಮೆ ನೋಡಬೇಕು ಅಂತ ಅವಳ ಆಸೆ. 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳುವ ಸದ್ದಿಗೆ ಊರವರು ಅದನ್ನು ಕೆಪ್ಪ ಜೋಗ ಅಂತಲೇ ಕರೆಯುತ್ತಾರೆ. ನಾವು ಹೋದಾಗ ಪೂರ್ತಿ ಮಂಜು. ಸದ್ದು ಕೇಳಿಸಿಕೊಂಡು ವಾಪಸ್ ಬಂದೆವು. ಅದಕ್ಕೆ ನನ್ನ ತಕರಾರಿಲ್ಲ, ಮಂಜು ಯಾರ ಹತ್ತಿರವೂ ಮುಂಗಡ ಇಸಿದುಕೊಂಡಿರಲಿಲ್ಲ.

ತಕರಾರು ಇರುವುದು ಉಳಿದುಕೊಂಡ ಮನೆಯ ಬಗ್ಗೆ. ಫೋಟೋ ನೋಡಿದರೆ ಯಾರಾದರೂ ಮರುಳಾಗಬೇಕು. ಅಡಿಕೆ ತೋಟದ ನಡುವೆ ಹೆಂಚಿನ ಮನೆ, ಉದ್ದ ಜಗಲಿ. 'ಮನೆಯವರ ಕೈಯಡುಗೆ, ಹವ್ಯಕ ಊಟ, ತಂಬುಳಿ, ತೊಡದೇವು' ಅಂತ ಬರೆದಿದ್ದರು. ತೊಡದೇವು ಅಂದರೆ ಕಾಗದದಷ್ಟು ತೆಳ್ಳಗಿನ ಸಿಹಿ ತಿಂಡಿ. ತಲೆಗೆ 1,800, ಮಕ್ಕಳಿಗೆ ಅರ್ಧ.

ಮನೆ ನಿಜವಾಗಿಯೂ ಅದೇ ಮನೆ. ಫೋಟೋ ಸುಳ್ಳಲ್ಲ. ಮನೆಯವರು ಮಾತ್ರ ಇರಲಿಲ್ಲ. ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ, ಇಪ್ಪತ್ತರ ಆಸುಪಾಸು. ಯಜಮಾನರು ಎಲ್ಲಿ ಅಂದರೆ, "ಬೆಂಗಳೂರಾಗ ಇರ್ತಾರ್ರಿ. ಅಡಿಕಿ ಕೊನೆ ಕೊಯ್ಲಿಗೆ ಬರ್ತಾರ, ಮತ್ತ ಮಾರಿಕಾಂಬಾ ಜಾತ್ರಿಗೆ" ಅಂದ. ಆ ಜಾತ್ರೆಯೋ ಎರಡು ವರ್ಷಕ್ಕೊಮ್ಮೆ!

ಕೋಣೆಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ. ಹಾಸಿಗೆ ಮೇಲೆ ಕೈ ಇಟ್ಟರೆ ತಣ್ಣಗೆ, ಹಿಂಡಿದರೆ ನೀರು ಬರುವುದೊಂದು ಬಾಕಿ. ದಿಂಬಿನ ಕವರ್ ಬೆಳ್ಳಗೆ ಇತ್ತು. ಅನುಮಾನ ಬಂದು ತೆಗೆದು ನೋಡಿದೆ. ಒಳಗಿನ ಬಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬೂಷ್ಟು. ಬೇರೆ ದಿಂಬು ಕೇಳಿದೆ. ಅದರದ್ದೂ ಅದೇ ಕಥೆ.

ಆಯಿ ಸೀದಾ ಬಚ್ಚಲಮನೆಗೆ ಹೋಗಿ ನೋಡಿ ಬಂದಳು. "ತಮಾ, ಈ ಮನೇಲಿ ಒಲೆ ಹಚ್ಚಿದ್ದೇ ಇಲ್ಲೆ" ಅಂದಳು. ಹಂಡೆಯೊಳಗೆ ಜೇಡರ ಬಲೆ ಇತ್ತಂತೆ. ಅಲ್ಲಿನ ಮಳೆಯಲ್ಲಿ ಮನೆ ಒಣಗಿ ಇರುವುದೇ ಬಚ್ಚಲ ಒಲೆಯಿಂದ. ಜನ ಇರುವ ಮನೆಯಲ್ಲಿ ಅದು ಮೂರು ಹೊತ್ತೂ ಉರಿಯುತ್ತದೆ, ಅದರ ಬಿಸಿಗೆ ಬಟ್ಟೆ ಒಣಗುತ್ತದೆ, ಕಂಬಳಿ ಬೆಚ್ಚಗಿರುತ್ತದೆ. ತಿಂಗಳುಗಟ್ಟಲೆ ಬೀಗ ಹಾಕಿ, ಗಿರಾಕಿ ಬಂದ ದಿನ ಬಾಗಿಲು ತೆಗೆದರೆ ಎಂಥ ಚೆಂದದ ಮನೆಯೂ ಹೀಗೇ ಆಗುತ್ತದೆ. ಕರೆಂಟ್ ಹೋಗುವುದು, ನೆಟ್‌ವರ್ಕ್ ಇಲ್ಲದಿರುವುದು, ಉಂಬಳ (ಜಿಗಣೆ) ಹತ್ತುವುದು, ಇವೆಲ್ಲ ಮಲೆನಾಡಿನಲ್ಲಿ ಇದ್ದದ್ದೇ. ಅದನ್ನು ದೂರುವವರು ಮಳೆಗಾಲದಲ್ಲಿ ಅಲ್ಲಿಗೆ ಹೋಗಲೇಬಾರದು. ಹಾಸಿಗೆಯ ಮಾತು ಬೇರೆ, ಅಲ್ವಾ?

ಊಟ ಪೇಟೆಯ ಹೋಟೆಲಿನಿಂದ ಬೈಕಿನಲ್ಲಿ ಬಂತು, ಆರಿ ತಣ್ಣಗಾಗಿ. ತಂಬುಳಿ ಅಂದರೆ ಒಂದೆಲಗವನ್ನೋ ಇನ್ನಾವುದೋ ಸೊಪ್ಪನ್ನೋ ಜೀರಿಗೆ, ಮೆಣಸಿನಕಾಳಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಬೇಕು. ಬಂದದ್ದರಲ್ಲಿ ಒಂದೆರಡು ಕರಿಬೇವಿನ ಎಲೆ ತೇಲುತ್ತಿದ್ದವು. "ಇದು ತಂಬ್ಳಿ ಅಲ್ಲ, ಮಜ್ಜಿಗೆ ನೀರು" ಅಂತ ಆಯಿ ಲೋಟ ಪಕ್ಕಕ್ಕೆ ಸರಿಸಿದಳು. ತೊಡದೇವು ಪ್ಯಾಕೆಟ್ಟಿನಲ್ಲೇ ಬಂತು, ಅಂಗಡಿಯ ಬೆಲೆ ಚೀಟಿಯ ಸಮೇತ.

ಮಗ ರಾತ್ರಿಯಿಡೀ ಸೀನಿದ. ಆಯಿ ತಾನು ತಂದಿದ್ದ ಸೀರೆ ಹಾಸಿಕೊಂಡು ಜಗಲಿಯಲ್ಲಿ ಮಲಗಿದಳು.

ಬೆಳಿಗ್ಗೆ ವಾಟ್ಸಾಪಿನಲ್ಲಿ ಬಿಲ್ಲು. 6,300 ಮಾತಾಡಿದ್ದು, 7,700 ಆಗಿತ್ತು. ರಸ್ತೆಯಿಂದ ಮನೆಯ ತನಕ ಜೀಪಿಗೆ 600. ನಮ್ಮ ಕಾರು ಅಲ್ಲಿಗೆ ಹತ್ತುವುದಿಲ್ಲ ಅಂತ ಮೊದಲೇ ಒಂದು ಮಾತು ಹೇಳಿರಲಿಲ್ಲ. ಕ್ಯಾಂಪ್‌ಫೈರಿಗೆ 800. ಧೋ ಅಂತ ಮಳೆ ಸುರಿಯುವಾಗ ಕ್ಯಾಂಪ್‌ಫೈರ್! ಯಜಮಾನರಿಗೆ ಫೋನ್ ಮಾಡಿದರೆ, "ಪ್ಯಾಕೇಜಿನಲ್ಲೇ ಬರುತ್ತೆ ಸಾರ್, ನೀವು ಮಾಡಿಸಿಕೊಳ್ಳಲಿಲ್ಲ ಅಷ್ಟೇ" ಅಂದರು. ಅರ್ಧ ಗಂಟೆ ಜಗಳ ಆಡಿ ಅದೊಂದನ್ನು ತೆಗೆಸಿದೆ. ಜೀಪಿನದ್ದು ಕೊಡಲೇಬೇಕಾಯಿತು. ಹುಡುಗನ ಮೇಲೆ ಸಿಟ್ಟಿಲ್ಲ, ಪಾಪ. ಮಗನ ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಹಚ್ಚಿ ಬಿಡಿಸಿದ್ದು ಅವನೇ.

ಆ ಕಡೆ ಒಳ್ಳೆಯ ಹೋಂಸ್ಟೇಗಳೂ ಇವೆ, ಮನೆಯವರೇ ಕೂತು ಬಡಿಸುವಂಥವು. ಹಾಗಾಗಿ ಫೋನಿನಲ್ಲಿ ಮೊದಲು ಕೇಳಬೇಕಾದದ್ದು ರೇಟಲ್ಲ. ಆ ಮನೆಯಲ್ಲಿ ರಾತ್ರಿ ಯಾರು ಮಲಗುತ್ತಾರೆ, ಅಡುಗೆ ಯಾರು ಮಾಡುತ್ತಾರೆ, ಸ್ನಾನಕ್ಕೆ ನೀರು ಯಾವುದರಲ್ಲಿ ಕಾಯುತ್ತದೆ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ಕಾರು ಅಂಗಳದ ತನಕ ಬರುತ್ತದಾ ಅಂತಲೂ ಕೇಳಿ, ಒಟ್ಟು ಲೆಕ್ಕ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಫೋಟೋ ಕಳಿಸಿ ಅಂದರೆ ಬೇಸಿಗೆಯದ್ದು ಕಳಿಸುತ್ತಾರೆ. ಇವತ್ತಿನ ವಿಡಿಯೋ ಕೇಳಿ.

ಮರುದಿನ ಶಿರಸಿ ಪೇಟೆಯಲ್ಲೇ ಒಂದು ಸಾದಾ ಲಾಡ್ಜ್ ಹಿಡಿದೆವು. ಕಿಟಕಿ ತೆಗೆದರೆ ಬಸ್ಸಿನ ಹಾರ್ನು. ಹಾಸಿಗೆ ಒಣಗಿತ್ತು. ಆಯಿ ಮಧ್ಯಾಹ್ನದ ಊಟಕ್ಕೂ ಏಳದೆ ಮಲಗಿದಳು.